ಶಾಲಾ ಗಣಕಯಂತ್ರದ ಗಡಿಯಾರ ತಪ್ಪಿದಾಗ

(ಕನ್ನಡ ಮಾಧ್ಯಮ ಅಧ್ಯಾಪಕರ ತರಬೇತಿಗಾಗಿ ಸಿದ್ಧಪಡಿಸಿದ ಉಪನ್ಯಾಸ)



ಬೇಸಗೆಯ ರಜೆ ಮುಗಿದು ಜೂನ್ ತಿಂಗಳಲ್ಲಿ ಶಾಲೆಯ ಬಾಗಿಲು ತೆರೆಯುತ್ತದೆ. ಎರಡು ತಿಂಗಳು ಮುಚ್ಚಿದ್ದ ಗಣಕಯಂತ್ರದ ಕೊಠಡಿಯಲ್ಲಿ ಅಧ್ಯಾಪಕರು ಧೂಳೊರೆಸಿ, ಗೋಡೆಯ ಸ್ವಿಚ್ಚು ಹಾಕಿ, ಯಂತ್ರವನ್ನು ಚಾಲೂ ಮಾಡುತ್ತಾರೆ. ಪರದೆ ಬೆಳಗುತ್ತದೆ. ಕಡತಗಳೆಲ್ಲ ಇದ್ದಲ್ಲಿಯೇ ಇವೆ. ಆದರೆ ಮೂಲೆಯಲ್ಲಿರುವ ಗಡಿಯಾರ ಮಾತ್ರ ಎಷ್ಟೋ ವರ್ಷಗಳ ಹಿಂದಿನ ಜನವರಿ ಒಂದನೆಯ ತಾರೀಕಿನ ನಡುರಾತ್ರಿಯನ್ನು ತೋರಿಸುತ್ತಿರುತ್ತದೆ. ಅಧ್ಯಾಪಕರು ಕೈಗಡಿಯಾರ ನೋಡಿ ಅದನ್ನು ತಿದ್ದುತ್ತಾರೆ. ಮರುದಿನ ಬೆಳಗ್ಗೆ ಮತ್ತೆ ಅದೇ ಜನವರಿ, ಅದೇ ನಡುರಾತ್ರಿ. ಮತ್ತೆ ತಿದ್ದುತ್ತಾರೆ. ವಾರ ಕಳೆಯುವಷ್ಟರಲ್ಲಿ ತಿದ್ದುವುದನ್ನೇ ಕೈಬಿಡುತ್ತಾರೆ. ಗಡಿಯಾರವೊಂದನ್ನು ಬಿಟ್ಟರೆ ಯಂತ್ರ ಚೆನ್ನಾಗಿಯೇ ಇದೆಯಲ್ಲ ಎಂಬ ಸಮಾಧಾನ ಆ ಕೊಠಡಿಯಲ್ಲಿ ನೆಲೆಸಿಬಿಡುತ್ತದೆ.

ಆ ಸಮಾಧಾನ ಎಷ್ಟು ದುಬಾರಿಯಾದುದು ಎಂಬುದನ್ನು ಮೊದಲು ತಿಳಿಯಬೇಕು. ಎಂಟನೆಯ ತರಗತಿಯ ಒಬ್ಬ ವಿದ್ಯಾರ್ಥಿನಿ ತನ್ನ ಊರಿನ ಕೆರೆಯ ಕುರಿತು ಒಂದು ವರದಿಯನ್ನು ಬೆರಳಚ್ಚು ಮಾಡಿದ್ದಾಳೆ ಎಂದಿಟ್ಟುಕೊಳ್ಳೋಣ. ಕಳೆದ ವಾರ ಸರಿಯಾದ ಗಡಿಯಾರವುಳ್ಳ ಯಂತ್ರದಲ್ಲಿ ಅರ್ಧ ಬರೆದು ಪೆನ್‌ಡ್ರೈವ್‌ನಲ್ಲಿ ಉಳಿಸಿದ್ದಳು. ಈ ವಾರ ಗಡಿಯಾರ ತಪ್ಪಿದ ಯಂತ್ರದಲ್ಲಿ ಕುಳಿತು ಅದನ್ನು ಪೂರ್ಣಗೊಳಿಸಿದಳು. ಎರಡು ಪ್ರತಿಗಳನ್ನು ಒಂದೆಡೆ ಸೇರಿಸುವಾಗ, ಪೂರ್ಣಗೊಂಡ ಪ್ರತಿಯೇ ಹಳೆಯದು, ಅರ್ಧದ ಪ್ರತಿಯೇ ಹೊಸದು ಎಂದು ಯಂತ್ರ ಹೇಳುತ್ತದೆ. ಹೊಸದನ್ನು ಉಳಿಸಿಕೊಂಡು ಹಳೆಯದನ್ನು ಅಳಿಸುವುದು ಎಲ್ಲರ ರೂಢಿ. ಅಧ್ಯಾಪಕರು ಹಾಗೆಯೇ ಮಾಡುತ್ತಾರೆ. ಮಗುವಿನ ಒಂದು ವಾರದ ಶ್ರಮ ಅಲ್ಲಿಗೆ ಅಳಿಯಿತು. ಅಲ್ಲಿ ಯಾರೂ ತಪ್ಪು ಮಾಡಿರುವುದಿಲ್ಲ. ಯಂತ್ರದ ಮಾತನ್ನು ನಂಬಿರುತ್ತಾರೆ, ಅಷ್ಟೆ.

ಹಾನಿ ಇಷ್ಟಕ್ಕೇ ನಿಲ್ಲುವುದಿಲ್ಲ. ಅಂತರಜಾಲದ ಸುರಕ್ಷಿತ ತಾಣಗಳೆಲ್ಲ ತಮ್ಮ ಗುರುತನ್ನು ಒಂದು ಪ್ರಮಾಣಪತ್ರದ ಮೂಲಕ ತೋರಿಸುತ್ತವೆ. ಆ ಪತ್ರಕ್ಕೆ ಇಂತಹ ದಿನದಿಂದ ಇಂತಹ ದಿನದವರೆಗೆ ಎಂಬ ಅವಧಿ ಇರುತ್ತದೆ. ಯಂತ್ರದ ಗಡಿಯಾರ ಆ ಅವಧಿಯ ಹೊರಗೆ ನಿಂತಿದ್ದರೆ, ಪತ್ರ ಸಾಚಾ ಆಗಿದ್ದರೂ ಬ್ರೌಸರ್ ಅದನ್ನು ತಿರಸ್ಕರಿಸಿ, ಸಂಪರ್ಕ ಸುರಕ್ಷಿತವಲ್ಲ ಎಂದು ಎಚ್ಚರಿಸುತ್ತದೆ. ಇಲಾಖೆಯ ತಾಣದಲ್ಲಿ ಅಂಕಪಟ್ಟಿ ತುಂಬಿಸಲು ಕುಳಿತ ಅಧ್ಯಾಪಕರು ಅಂತರಜಾಲವೇ ಕೆಟ್ಟಿದೆ ಎಂದು ತಿಳಿದು ಒಂದು ದಿನವನ್ನೇ ಕಳೆದುಕೊಳ್ಳುವುದುಂಟು. ಕೆಟ್ಟದ್ದು ಅಂತರಜಾಲವಲ್ಲ, ಗಡಿಯಾರ. ಇನ್ನೂ ಹಾನಿಕರವಾದ ರೂಢಿಯೆಂದರೆ, ಆ ಎಚ್ಚರಿಕೆಯನ್ನು ಲೆಕ್ಕಿಸದೆ ಮುಂದುವರಿಯುವ ಗುಂಡಿಯನ್ನು ಒತ್ತುವುದು. ನಿಜವಾದ ಅಪಾಯ ಬಂದ ದಿನವೂ ಕೈ ಅದೇ ಗುಂಡಿಯ ಮೇಲೆ ಹೋಗುತ್ತದೆ.

ಆದುದರಿಂದ ಗಡಿಯಾರವನ್ನು ಸರಿಪಡಿಸಲೇಬೇಕು. ಹೇಗೆ? ಇಲ್ಲಿ ಅಧ್ಯಾಪಕರ ವೃತ್ತಿವಿದ್ಯೆಯೇ ನೆರವಿಗೆ ಬರುತ್ತದೆ. ಮಗುವಿನ ಲೆಕ್ಕದ ಪುಸ್ತಕದಲ್ಲಿ 43ರಿಂದ 18 ಕಳೆದರೆ 35 ಎಂದು ಬರೆದಿದ್ದರೆ, ಅನುಭವಿ ಅಧ್ಯಾಪಕರು ಅದನ್ನು ಬರಿದೆ ಹೊಡೆದುಹಾಕಿ 25 ಎಂದು ಬರೆಯುವುದಿಲ್ಲ. ದಶಕ ತೆಗೆದುಕೊಂಡದ್ದನ್ನು ಮಗು ಮರೆತಿದೆ ಎಂಬುದನ್ನು ಆ ತಪ್ಪು ಉತ್ತರದಲ್ಲಿಯೇ ಓದುತ್ತಾರೆ. ಗಡಿಯಾರದ ತಪ್ಪೂ ಹಾಗೆಯೇ. ಎಷ್ಟು ತಪ್ಪಿದೆ, ಯಾವಾಗ ತಪ್ಪಿದೆ, ಮತ್ತೆ ಮತ್ತೆ ಅಷ್ಟೇ ತಪ್ಪುತ್ತದೆಯೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತರೆ ಕಾರಣವೂ ದೊರೆಯುತ್ತದೆ. ಅದನ್ನು ಓದುವ ಮೊದಲೇ ತಿದ್ದಿದವರು ಸಾಕ್ಷಿಯನ್ನು ಅಳಿಸಿದಂತೆ. ಈ ಉಪನ್ಯಾಸದ ಸಾರವೆಲ್ಲ ಇಷ್ಟೆ: ತಿದ್ದುವ ಮೊದಲು ತಪ್ಪನ್ನು ಬರೆದಿಟ್ಟುಕೊಳ್ಳಬೇಕು.

ಒಂದು ಯಂತ್ರ, ಎರಡು ಗಡಿಯಾರ

ತಪ್ಪನ್ನು ಓದಲು ಗಡಿಯಾರದ ರಚನೆ ಸ್ವಲ್ಪ ತಿಳಿದಿರಬೇಕು. ಗಣಕಯಂತ್ರದಲ್ಲಿ ಗಡಿಯಾರ ಒಂದಲ್ಲ, ಎರಡು. ಯಂತ್ರ ನಡೆಯುತ್ತಿರುವಾಗ ಪರದೆಯ ಮೇಲೆ ಕಾಣುವುದು ವಿಂಡೋಸ್ ಅಥವಾ ಲಿನಕ್ಸ್‌ನಂತಹ ಕಾರ್ಯಾಚರಣ ವ್ಯವಸ್ಥೆ ನಡೆಸುವ ಗಡಿಯಾರ. ಯಂತ್ರ ಆರಿದೊಡನೆ ಅದೂ ನಿಲ್ಲುತ್ತದೆ. ಆಗ ಎಚ್ಚರವಿರುವುದು ಮದರ್‌ಬೋರ್ಡ್‌ನಲ್ಲಿರುವ ಇನ್ನೊಂದು ಪುಟ್ಟ ಗಡಿಯಾರ. ಅದಕ್ಕೆ ನೈಜಕಾಲ ಗಡಿಯಾರ ಎಂದು ಹೆಸರು. ಊರು ಮಲಗಿದಾಗ ಕಾವಲುಗಾರ ಜಾಮ ಎಣಿಸುವಂತೆ ಅದು ಇರುಳೆಲ್ಲ ಎಣಿಸುತ್ತದೆ. ಬೆಳಗ್ಗೆ ಯಂತ್ರ ಎದ್ದಾಗ ಕಾರ್ಯಾಚರಣ ವ್ಯವಸ್ಥೆ ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ಈಗ ಗಂಟೆ ಎಷ್ಟು ಎಂಬುದು. ಉತ್ತರ ಕೊಡುವವನು ಈ ಕಾವಲುಗಾರ.

ಈ ಕಾವಲುಗಾರ ಮೊದಲಿನಿಂದಲೂ ಇರಲಿಲ್ಲ. 1981ರಲ್ಲಿ ಐಬಿಎಂ ಕಂಪನಿ ಹೊರತಂದ ಮೊದಲ ಪರ್ಸನಲ್ ಕಂಪ್ಯೂಟರಿನಲ್ಲಿ ಸೆಲ್ ಆಧಾರಿತ ಗಡಿಯಾರ ಇರಲಿಲ್ಲ. ಪ್ರತಿ ಸಲ ಚಾಲೂ ಮಾಡಿದಾಗಲೂ ದಿನಾಂಕವನ್ನೂ ಸಮಯವನ್ನೂ ಬಳಸುವವರೇ ಬೆರಳಚ್ಚು ಮಾಡಬೇಕಾಗಿತ್ತು. 1984ರ ಐಬಿಎಂ ಪಿಸಿ ಎಟಿ ಮಾದರಿಯಲ್ಲಿ ಸೆಲ್‌ನ ಬಲದಿಂದ ನಡೆಯುವ ಗಡಿಯಾರ ಯಂತ್ರದ ಅಂಗವಾಯಿತು. ಸೆಲ್ ಸತ್ತ ಶಾಲೆಯ ಯಂತ್ರ ಪ್ರತಿದಿನವೂ 1981ಕ್ಕೆ ಹಿಂದಿರುಗುತ್ತದೆ ಎಂದರೆ ತಪ್ಪಾಗದು.

ಎಣಿಕೆಯ ಮೂಲ ಒಂದು ಸ್ಫಟಿಕ ಶಿಲೆಯ ಚೂರು. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆ ಎರಡರ ಹದಿನೈದನೆಯ ಘಾತ. ಹದಿನೈದು ಸಲ ಅರ್ಧಿಸಿದರೆ ಸೆಕೆಂಡಿಗೆ ಒಂದೇ ಒಂದು ಮಿಡಿತ ಉಳಿಯುತ್ತದೆ. ಏಳನೆಯ ತರಗತಿಯ ಮಕ್ಕಳಿಗೆ ಘಾತಾಂಕ ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ತಂತುಗಡಿಯಾರದಲ್ಲಿಯೂ ಕೈಗಡಿಯಾರದಲ್ಲಿಯೂ ಇರುವ ದೋಷ ಇದಕ್ಕೆ ಇಲ್ಲವೆಂದಲ್ಲ. ಸ್ಫಟಿಕದ ವೇಗದಲ್ಲಿ ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸವಿದ್ದರೆ ದಿನಕ್ಕೆ ಸುಮಾರು 1.7 ಸೆಕೆಂಡು, ತಿಂಗಳಿಗೆ ಸುಮಾರು 52 ಸೆಕೆಂಡು ಹೆಚ್ಚುಕಡಿಮೆಯಾಗುತ್ತದೆ. ಎರಡು ತಿಂಗಳ ರಜೆಯ ನಂತರ ಗಡಿಯಾರ ಒಂದೆರಡು ನಿಮಿಷ ಆಚೀಚೆ ಇದ್ದರೆ ಅದು ರೋಗವಲ್ಲ, ಸ್ವಭಾವ. ಒಮ್ಮೆ ಸರಿಪಡಿಸಿದರೆ ಸಾಕು.

ತಪ್ಪಿನ ನಾಲ್ಕು ಬಗೆ

ಉಳಿದ ತಪ್ಪುಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ಪ್ರತಿ ಸಲವೂ ಒಂದೇ ಹಳೆಯ ದಿನಾಂಕಕ್ಕೆ ಮರಳುವುದು. ಎರಡನೆಯದು, ಇರುಳು ಆರಿಸಿದ ಹೊತ್ತಿನಲ್ಲಿಯೇ ನಿಂತಿದ್ದು, ಬೆಳಗ್ಗೆ ಅಲ್ಲಿಂದಲೇ ಮುಂದುವರಿಯುವುದು. ಈ ಎರಡಕ್ಕೂ ಕಾರಣ ಸಾಮಾನ್ಯವಾಗಿ ಒಂದೇ, ಸೆಲ್ ಬಲಗುಂದಿದೆ. ಹಳೆಯ ಯಂತ್ರಗಳು ಚಾಲೂ ಆಗುವಾಗ ಕಪ್ಪು ಪರದೆಯ ಮೇಲೆ ಸಿಮಾಸ್ ಚೆಕ್‌ಸಮ್ ದೋಷವೆಂದೋ ದಿನಾಂಕ ಹೊಂದಿಸಿಲ್ಲವೆಂದೋ ಒಂದು ಸಾಲು ತೋರಿಸಿ, ಎಫ್1 ಕೀಲಿ ಒತ್ತಲು ಹೇಳುವುದೂ ಇದೇ ಕಾರಣಕ್ಕೆ. ಓದದೆ ಒತ್ತಿಬಿಡುವುದು ಎಲ್ಲರ ಅಭ್ಯಾಸ. ಓದಿದರೆ ಅರ್ಧ ಪರೀಕ್ಷೆ ಮುಗಿದಂತೆ.

ಮೂರನೆಯದು, ಸಮಯ ಒಂದು ನಿಶ್ಚಿತ ಅಂತರದಷ್ಟು ತಪ್ಪುವುದು. ಅಂತರ ಅರ್ಧ ಗಂಟೆ, ಒಂದೂವರೆ ಗಂಟೆ, ಹದಿಮೂರೂವರೆ ಗಂಟೆ ಹೀಗೆ ಇದ್ದರೆ ಕಾಲವಲಯದ ಆಯ್ಕೆ ತಪ್ಪಿದೆ ಎಂದರ್ಥ. ಅರ್ಧ ಗಂಟೆ ಹಿಂದಿದ್ದರೆ ಕರಾಚಿಯ ಸಮಯ, ಅರ್ಧ ಗಂಟೆ ಮುಂದಿದ್ದರೆ ಢಾಕಾದ ಸಮಯ, ಕಾಲು ಗಂಟೆ ಮುಂದಿದ್ದರೆ ಕಠ್ಮಂಡುವಿನ ಸಮಯ, ಒಂದೂವರೆ ಗಂಟೆ ಹಿಂದಿದ್ದರೆ ದುಬೈ ಸಮಯ. ಅಮೆರಿಕದ ಪಶ್ಚಿಮ ಕರಾವಳಿಯ ಸಮಯ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ. ಸರಿಯಾಗಿ ಹನ್ನೆರಡು ಗಂಟೆ ತಪ್ಪಿದ್ದರೆ ಅದು ಪೂರ್ವಾಹ್ನ ಅಪರಾಹ್ನಗಳ ಗೊಂದಲ. ತಿದ್ದಿದವರ ಕೈತಪ್ಪೇ ಹೊರತು ಯಂತ್ರದ್ದಲ್ಲ.

ನಾಲ್ಕನೆಯದು, ಸರಿಯಾಗಿ ಐದೂವರೆ ಗಂಟೆ ತಪ್ಪುವುದು. ಹಳೆಯ ಲೆಕ್ಕದಲ್ಲಿ ಹದಿಮೂರು ಮುಕ್ಕಾಲು ಗಳಿಗೆ. ಇದಕ್ಕೆ ಕಾರಣ ಬೇರೆ. ಅದನ್ನು ಮುಂದೆ ವಿವರಿಸಲಾಗುವುದು.

ಸೆಲ್‌ನ ಪರೀಕ್ಷೆ, ಸೆಲ್‌ನ ಬದಲಾವಣೆ

ಸೆಲ್‌ನ ಮೇಲೆ ಸಂಶಯ ಬಂದರೆ ಯಂತ್ರವನ್ನು ಬಿಚ್ಚುವ ಮೊದಲು ಎರಡು ಇರುಳಿನ ಪರೀಕ್ಷೆಯೊಂದನ್ನು ಮಾಡಬೇಕು. ಮೊದಲ ಸಂಜೆ ಸಮಯವನ್ನು ಸರಿಪಡಿಸಿ, ಯಂತ್ರವನ್ನು ಆರಿಸಿ, ಗೋಡೆಯ ಸ್ವಿಚ್ಚನ್ನು ಮಾತ್ರ ಹಾಕಿಯೇ ಇಡಬೇಕು. ಗುಡುಗು ಮಿಂಚಿಲ್ಲದ, ವಿದ್ಯುತ್ತು ಹೋಗದ ಇರುಳನ್ನು ಆರಿಸಿಕೊಳ್ಳಬೇಕು. ಎರಡನೆಯ ಸಂಜೆ ಗೋಡೆಯ ಸ್ವಿಚ್ಚನ್ನೂ ತೆಗೆಯಬೇಕು. ಮೊದಲ ಬೆಳಗ್ಗೆ ಸಮಯ ಸರಿಯಾಗಿದ್ದು ಎರಡನೆಯ ಬೆಳಗ್ಗೆ ತಪ್ಪಿದ್ದರೆ ಸೆಲ್ ಮುಗಿದಿದೆ ಎಂಬುದು ಹೆಚ್ಚುಕಡಿಮೆ ಖಚಿತ. ಕಾರಣವಿಷ್ಟೆ: ಯಂತ್ರ ಆರಿದ್ದರೂ ಗೋಡೆಯ ವಿದ್ಯುತ್ತು ಬರುತ್ತಿರುವವರೆಗೆ ಅದರ ಒಂದು ಸಣ್ಣ ಧಾರೆ ಗಡಿಯಾರವನ್ನು ನಡೆಸುತ್ತಿರುತ್ತದೆ, ಸೆಲ್ ವಿಶ್ರಾಂತಿಯಲ್ಲಿರುತ್ತದೆ. ಗೋಡೆಯ ಸ್ವಿಚ್ಚು ತೆಗೆದಾಗ ಮಾತ್ರ ಹೊರೆ ಸೆಲ್‌ನ ಮೇಲೆ ಬೀಳುತ್ತದೆ.

ಶಾಲೆಗಳ ಯಂತ್ರಗಳಲ್ಲಿ ಸೆಲ್ ಬೇಗ ಸೋಲುವುದೇಕೆ ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ಕಾಸರಗೋಡಿನ ಮಳೆಗಾಲದಲ್ಲಾಗಲಿ ನೀಲಗಿರಿಯ ಸಿಡಿಲಿನ ದಿನಗಳಲ್ಲಾಗಲಿ ಸಂಜೆ ಮುಖ್ಯ ಸ್ವಿಚ್ಚು ತೆಗೆದು ಹೋಗುವುದು ವಿವೇಕದ ಮಾತು. ಅದನ್ನು ಬಿಡಬಾರದು. ಆದರೆ ಪ್ರತಿ ಇರುಳು, ಪ್ರತಿ ಭಾನುವಾರ, ಇಡೀ ಬೇಸಗೆ ಸೆಲ್ ಒಂದೇ ದುಡಿಯಬೇಕಾಗುತ್ತದೆ. ಹಾಗಾಗಿ ಕೆಲವು ವರ್ಷಗಳಿಗೊಮ್ಮೆ ಸೆಲ್ ಬದಲಿಸುವುದನ್ನು ಬಾವಿಯ ಹಗ್ಗ ಬದಲಿಸಿದಂತೆ ಸಹಜ ನಿರ್ವಹಣೆ ಎಂದು ಭಾವಿಸಬೇಕು. ಯಂತ್ರ ಹಾಳಾಯಿತು ಎಂದು ಮೂಲೆಗೆ ಸರಿಸಬೇಕಾದ ಕಾರಣವಿಲ್ಲ.

ಸಾಮಾನ್ಯವಾಗಿ ಮೇಜಿನ ಗಣಕಯಂತ್ರಗಳಲ್ಲಿರುವ ಸೆಲ್ ಸಿಆರ್2032 ಎಂಬುದು. ಹೆಸರಿನಲ್ಲಿಯೇ ಅಳತೆ ಅಡಗಿದೆ: 20 ಎಂದರೆ 20 ಮಿಲಿಮೀಟರ್ ವ್ಯಾಸ, 32 ಎಂದರೆ 3.2 ಮಿಲಿಮೀಟರ್ ದಪ್ಪ. ವೋಲ್ಟೇಜು 3. ಗಡಿಯಾರದ ಅಂಗಡಿಗಳಲ್ಲಿಯೂ ವಿದ್ಯುತ್ ಉಪಕರಣಗಳ ಅಂಗಡಿಗಳಲ್ಲಿಯೂ ಇದು ಅಗ್ಗದ ಬೆಲೆಗೆ ದೊರೆಯುತ್ತದೆ. ಸಿಆರ್2025 ಎಂಬುದು ಅಷ್ಟೇ ಅಗಲವಿದ್ದರೂ 2.5 ಮಿಲಿಮೀಟರ್ ದಪ್ಪದ್ದು, ಅದು ಸಡಿಲವಾಗುತ್ತದೆ. ಎಲ್ಐಆರ್2032 ಎಂಬುದು ಮರುಚಾರ್ಜು ಮಾಡುವ ಬೇರೆ ಜಾತಿ. ಅದರ ವೋಲ್ಟೇಜು ಹೆಚ್ಚು. ಅದನ್ನು ಹಾಕಬಾರದು.

ಬದಲಿಸುವ ಕ್ರಮ ಹೀಗಿದೆ. ಸರಕಾರದಿಂದ ಬಂದ ಯಂತ್ರ ಇನ್ನೂ ಖಾತರಿ ಅವಧಿಯಲ್ಲಿದ್ದರೆ ಬಿಚ್ಚದೆ ಸಂಬಂಧಪಟ್ಟವರಿಗೆ ತಿಳಿಸಬೇಕು. ಅವಧಿ ಮುಗಿದಿದ್ದರೆ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಮುಂದುವರಿಯಬಹುದು. ಮೊದಲು ಯಂತ್ರ ಚಾಲೂ ಆಗುವಾಗ ಎಫ್2, ಎಫ್10, ಎಸ್ಕೇಪ್ ಅಥವಾ ಡಿಲೀಟ್ ಕೀಲಿಯಲ್ಲಿ ಆಯಾ ತಯಾರಕರು ಸೂಚಿಸಿದ ಒಂದನ್ನು ಒತ್ತಿ ಬಯೋಸ್ ಪುಟಗಳನ್ನು ತೆರೆದು, ಡಿಸ್ಕ್ ನಡೆಯುವ ವಿಧಾನ ಮತ್ತು ಚಾಲನೆಯ ಕ್ರಮ ಎಂಬ ಎರಡನ್ನು ಬರೆದುಕೊಳ್ಳಬೇಕು ಅಥವಾ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಬೇಕು. ಸೆಲ್ ತೆಗೆದಾಗ ಇವು ಮೊದಲಿನ ಸ್ಥಿತಿಗೆ ಮರಳುವ ಸಾಧ್ಯತೆ ಇದೆ. ಮರಳಿದರೆ ಗಡಿಯಾರ ಸರಿಯಾದರೂ ಯಂತ್ರ ಏಳದೇ ಹೋಗಬಹುದು.

ಆಮೇಲೆ ಯಂತ್ರವನ್ನು ಆರಿಸಿ, ವಿದ್ಯುತ್ ತಂತಿಯನ್ನು ಸಂಪೂರ್ಣ ಕಳಚಿ, ಚಾಲನೆಯ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಒಳಗುಳಿದ ವಿದ್ಯುತ್ತನ್ನು ಖಾಲಿ ಮಾಡಬೇಕು. ಪೆಟ್ಟಿಗೆಯ ಪಕ್ಕದ ತಗಡನ್ನು ತೆಗೆದು, ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ನಾಣ್ಯದಂತೆ ಹೊಳೆಯುವ ಸೆಲ್ ಕಾಣುತ್ತದೆ. ಅದರ ಯಾವ ಮುಖ ಹೊರಗಿದೆ ಎಂಬುದನ್ನು ಗಮನಿಸಬೇಕು. ಸಾಮಾನ್ಯವಾಗಿ ಅಧಿಕ ಚಿಹ್ನೆಯ ಮುಖ ಹೊರಗಿರುತ್ತದೆ. ಪಕ್ಕದ ಕೊಕ್ಕೆಯನ್ನು ಉಗುರಿನಿಂದ ಮೆಲ್ಲಗೆ ಸರಿಸಿದರೆ ಸೆಲ್ ಮೇಲೇಳುತ್ತದೆ. ಸ್ಕ್ರೂಡ್ರೈವರ್ ಬಳಸಿ ಮೀಟಿದರೆ ಬೋರ್ಡಿಗೆ ಗೀರು ಬೀಳಬಹುದು. ವಿಜ್ಞಾನ ಪ್ರಯೋಗಾಲಯದ ಮಲ್ಟಿಮೀಟರಿನಲ್ಲಿ ಅಳೆದು ನೋಡಬಹುದು: ಹೊಸ ಸೆಲ್ 3 ವೋಲ್ಟಿಗಿಂತ ತುಸು ಹೆಚ್ಚೇ ತೋರಿಸುತ್ತದೆ, ಹಳೆಯದು 2.7ರ ಆಸುಪಾಸಿಗೆ ಅಥವಾ ಅದಕ್ಕಿಂತ ಕೆಳಗೆ ಇಳಿದಿದ್ದರೆ ಅದರ ಕಾಲ ಮುಗಿದಿದೆ. ಹೊಸದನ್ನು ಕೂರಿಸಿ, ತಗಡು ಮುಚ್ಚಿ, ಬಯೋಸ್‌ನಲ್ಲಿ ದಿನಾಂಕ, ಸಮಯ ಮತ್ತು ಬರೆದಿಟ್ಟುಕೊಂಡ ಎರಡು ಆಯ್ಕೆಗಳನ್ನು ಸರಿಪಡಿಸಿ, ಉಳಿಸಿ ಹೊರಬರಬೇಕು. ಲ್ಯಾಪ್‌ಟಾಪ್‌ಗಳಲ್ಲಿ ಸೆಲ್‌ನ ಜಾಗ ಮಾದರಿಯಿಂದ ಮಾದರಿಗೆ ಬೇರೆ. ಕೆಲವುಗಳಲ್ಲಿ ಪ್ರತ್ಯೇಕ ಸೆಲ್ಲೇ ಇರುವುದಿಲ್ಲ. ಅವುಗಳನ್ನು ಬಲ್ಲವರ ಕೈಗೆ ಒಪ್ಪಿಸುವುದು ಲೇಸು.

ಗಡಿಯಾರಕ್ಕಿಂತ ಮಿಗಿಲಾದ ಒಂದು ಎಚ್ಚರಿಕೆ ಇಲ್ಲಿದೆ. ತೆಗೆದ ಹಳೆಯ ಸೆಲ್ಲನ್ನು ಮೇಜಿನ ಮೇಲಾಗಲಿ ಕಿಟಕಿಯ ಅಂಚಿನಲ್ಲಾಗಲಿ ಇಡಬಾರದು. ಗಡಿಯಾರ ನಡೆಸಲಾರದ ಸೆಲ್‌ನಲ್ಲಿಯೂ ಮಗುವಿನ ಜೀವಕ್ಕೆ ಅಪಾಯ ತರುವಷ್ಟು ವಿದ್ಯುತ್ತು ಉಳಿದಿರುತ್ತದೆ. 20 ಮಿಲಿಮೀಟರಿನ ಈ ಬಿಲ್ಲೆಯನ್ನು ಚಿಕ್ಕ ಮಗು ನುಂಗಿದರೆ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡು, ಎರಡು ಗಂಟೆಗಳೊಳಗೇ ಒಳಗಿನ ಅಂಗಾಂಶವನ್ನು ತೀವ್ರವಾಗಿ ಸುಡಬಲ್ಲದು. ನುಂಗಿದ ಸಂಶಯ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ, ಕಾದು ನೋಡದೆ, ತಕ್ಷಣ ಆಸ್ಪತ್ರೆಗೆ ಕರೆದೊಯ್ದು ಸೆಲ್ ನುಂಗಿರಬಹುದು ಎಂದು ಸ್ಪಷ್ಟವಾಗಿ ಹೇಳಬೇಕು. ಹಳೆಯ ಸೆಲ್‌ನ ಎರಡೂ ಮುಖಗಳಿಗೆ ಅಂಟುಪಟ್ಟಿ ಹಚ್ಚಿ, ಬೀಗವಿರುವ ಕಪಾಟಿನಲ್ಲಿಟ್ಟು, ವಿದ್ಯುನ್ಮಾನ ತ್ಯಾಜ್ಯದೊಡನೆ ಕಳುಹಿಸಬೇಕು. ಒಂದನೆಯ ತರಗತಿಯೂ ಗಣಕಯಂತ್ರವೂ ಒಂದೇ ಸೂರಿನಡಿ ಇರುವ ಶಾಲೆಗಳಲ್ಲಿ ಈ ಮಾತನ್ನು ಎರಡು ಸಲ ಓದಬೇಕು.

ಐದೂವರೆ ಗಂಟೆಯ ಒಗಟು

ಈಗ ನಾಲ್ಕನೆಯ ಬಗೆಯ ತಪ್ಪಿಗೆ ಬರಬಹುದು. ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಇದು ಕಾಣಿಸಿಕೊಳ್ಳಲು ವಿಶೇಷ ಕಾರಣವಿದೆ. ಕೇರಳದ ಶಾಲೆಗಳಲ್ಲಿ ಸ್ವತಂತ್ರ ತಂತ್ರಾಂಶದ ಆಧಾರದಲ್ಲಿ ರೂಪಿಸಿದ ಕೈಟ್ ಗ್ನು/ಲಿನಕ್ಸ್ ಬಳಕೆಯಲ್ಲಿದೆ. ತಮಿಳುನಾಡಿನಲ್ಲಿ 2011ರಲ್ಲಿ ಆರಂಭವಾದ ಉಚಿತ ಲ್ಯಾಪ್‌ಟಾಪ್ ಯೋಜನೆಯ ಹಲವು ಯಂತ್ರಗಳಲ್ಲಿ ವಿಂಡೋಸ್ ಜೊತೆಗೆ ಬಾಸ್ ಲಿನಕ್ಸ್ ಕೂಡ ಇತ್ತು. ಕಚೇರಿಯ ಕೆಲಸಕ್ಕೆ ವಿಂಡೋಸ್, ಪಾಠಕ್ಕೆ ಲಿನಕ್ಸ್ ಎಂದು ಒಂದೇ ಯಂತ್ರದಲ್ಲಿ ಎರಡನ್ನೂ ಇಟ್ಟುಕೊಂಡ ಶಾಲೆಗಳೂ ಉಂಟು. ತಪ್ಪು ಹುಟ್ಟುವುದು ಅಂತಹ ಎರಡು ವ್ಯವಸ್ಥೆಗಳ ಯಂತ್ರದಲ್ಲಿ.

ಕಾವಲುಗಾರ ಎಣಿಸುವುದು ಬರಿಯ ಅಂಕಿಗಳನ್ನು. ಆ ಅಂಕಿ ಯಾವ ಊರಿನ ಸಮಯ ಎಂಬುದನ್ನು ಅವನು ಬರೆದಿಡುವುದಿಲ್ಲ. ಲಿನಕ್ಸ್ ಅದನ್ನು ಗ್ರೀನಿಚ್ ರೇಖೆಯ ಜಾಗತಿಕ ಸಮಯವೆಂದು ತಿಳಿದು, ಐದೂವರೆ ಗಂಟೆ ಕೂಡಿಸಿ ಭಾರತದ ಸಮಯವನ್ನು ತೋರಿಸುತ್ತದೆ. ವಿಂಡೋಸ್, ಡಾಸ್ ಕಾಲದಿಂದ ಬಂದ ರೂಢಿಯಂತೆ, ಅದೇ ಅಂಕಿಯನ್ನು ಸ್ಥಳೀಯ ಸಮಯವೆಂದೇ ತಿಳಿಯುತ್ತದೆ. ಬೆಳಗ್ಗೆ 10 ಗಂಟೆಗೆ ಲಿನಕ್ಸ್‌ನಲ್ಲಿ ಕೆಲಸ ಮಾಡಿದ ಯಂತ್ರದ ಕಾವಲುಗಾರನ ಬಳಿ 4.30 ಎಂಬ ಅಂಕಿ ಇರುತ್ತದೆ. ಆಗಲೇ ವಿಂಡೋಸ್ ತೆರೆದರೆ ಅದು ಮುಂಜಾನೆ 4.30 ಎನ್ನುತ್ತದೆ. ವಿಂಡೋಸ್‌ನಲ್ಲಿ ಸಮಯವನ್ನು ತಿದ್ದಿ 10 ಮಾಡಿದರೆ ಕಾವಲುಗಾರನ ಬಳಿಯೂ 10 ಆಗುತ್ತದೆ. ಮತ್ತೆ ಲಿನಕ್ಸ್ ತೆರೆದರೆ ಅದು ಐದೂವರೆ ಕೂಡಿಸಿ ಮಧ್ಯಾಹ್ನ 3.30 ಎನ್ನುತ್ತದೆ. ವಿಂಡೋಸ್‌ನಲ್ಲಿ ಹಿಂದೆ, ಲಿನಕ್ಸ್‌ನಲ್ಲಿ ಮುಂದೆ. ಎರಡೂ ಸಲ ಐದೂವರೆ ಗಂಟೆಯೇ. ಇಂತಹ ಯಂತ್ರಕ್ಕೆ ಎಷ್ಟು ಹೊಸ ಸೆಲ್ ಹಾಕಿದರೂ ಪ್ರಯೋಜನವಿಲ್ಲ. ಸೆಲ್ ಆರೋಗ್ಯವಾಗಿದೆ, ಗಡಿಯಾರವೂ ಆರೋಗ್ಯವಾಗಿದೆ. ಒಂದೇ ಅಂಕಿಯನ್ನು ಇಬ್ಬರು ಎರಡು ಭಾಷೆಯಲ್ಲಿ ಓದುತ್ತಿದ್ದಾರೆ, ಅಷ್ಟೆ. ಎರಡು ಭಾಷೆಗಳ ನಡುವೆ ದಿನವೂ ಪಾಠ ಮಾಡುವ ಅಧ್ಯಾಪಕರಿಗೆ ಈ ಗೊಂದಲ ಹೊಸದೇನಲ್ಲ.

ಪರಿಹಾರ, ಇಬ್ಬರಲ್ಲಿ ಒಬ್ಬರು ಇನ್ನೊಬ್ಬರ ರೂಢಿಗೆ ಒಪ್ಪುವುದು. ಸುಲಭವಾದುದು ಲಿನಕ್ಸ್ ಅನ್ನು ಒಪ್ಪಿಸುವುದು. ಅದರ ಟರ್ಮಿನಲ್ ತೆರೆದು, ಟೈಮ್‌ಡೇಟ್‌ಸಿಟಿಎಲ್ ಎಂಬ ಪದ, ಒಂದು ತೆರಪು, ಸೆಟ್, ಲೋಕಲ್, ಆರ್‌ಟಿಸಿ ಎಂಬ ಮೂರನ್ನು ಅಡ್ಡಗೆರೆಗಳಿಂದ ಜೋಡಿಸಿದ ಪದ, ಮತ್ತೊಂದು ತೆರಪು, ಕೊನೆಗೆ 1 ಎಂಬ ಅಂಕಿ, ಇಷ್ಟನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬರೆದು ಎಂಟರ್ ಒತ್ತಿದರೆ ಸಾಕು. ಗುಪ್ತಪದ ಕೇಳಿದರೆ ಕೊಡಬೇಕು. ಇದನ್ನು ಮಾಡಿದ ಮೇಲೆ ಲಿನಕ್ಸ್ ಒಂದು ಎಚ್ಚರಿಕೆಯ ಸಾಲನ್ನು ತೋರಿಸಬಹುದು. ವರ್ಷಕ್ಕೆರಡು ಸಲ ಗಡಿಯಾರವನ್ನು ಹಿಂದೆ ಮುಂದೆ ಸರಿಸುವ ದೇಶಗಳಲ್ಲಿ ಈ ಏರ್ಪಾಡು ತೊಡಕಿಗೆ ಎಡೆಕೊಡುತ್ತದೆ. ಭಾರತದಲ್ಲಿ ಅಂತಹ ಪದ್ಧತಿ ಇಲ್ಲದ್ದರಿಂದ ಶಾಲೆಯ ಯಂತ್ರಕ್ಕೆ ಆ ತೊಡಕು ಬಾರದು. ಬದಲಾಗಿ ವಿಂಡೋಸ್ ಅನ್ನೇ ಒಪ್ಪಿಸುವ ದಾರಿಯೂ ಇದೆ. ಅದಕ್ಕೆ ಅದರ ರಿಜಿಸ್ಟ್ರಿಯನ್ನು ಮುಟ್ಟಬೇಕಾಗುತ್ತದೆ. ಆ ಕೆಲಸ ಬಲ್ಲವರಿಗೆ ಮೀಸಲು.

ಊರಿನ ಹೊತ್ತು, ದೇಶದ ಹೊತ್ತು

ಕಾಲವಲಯದ ಆಯ್ಕೆಯನ್ನು ಸರಿಪಡಿಸುವುದು ಎಲ್ಲಕ್ಕಿಂತ ಸುಲಭ. ವಿಂಡೋಸ್‌ನ ಪಟ್ಟಿಯಲ್ಲಿ ಚೆನ್ನೈ, ಕೋಲ್ಕತಾ, ಮುಂಬಯಿ, ನವದೆಹಲಿ ಎಂಬ ಸಾಲನ್ನು, ಲಿನಕ್ಸ್‌ನಲ್ಲಿ ಏಷ್ಯಾದ ಅಡಿಯಲ್ಲಿ ಕೋಲ್ಕತಾ ಎಂಬುದನ್ನು ಆರಿಸಬೇಕು. ತನ್ನ ಊರಿನ ಹೆಸರೇಕೆ ಇಲ್ಲ ಎಂದು ಮಗು ಕೇಳೀತು. ಆ ಪ್ರಶ್ನೆಗೆ ಒಳ್ಳೆಯ ಉತ್ತರವಿದೆ.

ಭೂಮಿ ಒಂದು ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಒಂದು ಡಿಗ್ರಿಗೆ 4 ನಿಮಿಷ. ಭಾರತದ ಸಮಯವನ್ನು ಅಳೆಯುವ ರೇಖೆ ಪೂರ್ವ ರೇಖಾಂಶ 82.5 ಡಿಗ್ರಿ, ಅದು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುತ್ತದೆ. ಕಾಸರಗೋಡು ಸುಮಾರು 75 ಡಿಗ್ರಿಯಲ್ಲಿದೆ. ಏಳೂವರೆಯನ್ನು ನಾಲ್ಕರಿಂದ ಗುಣಿಸಿದರೆ 30 ನಿಮಿಷ. ಹಾಗಾಗಿ ಕಾಸರಗೋಡಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ ಹನ್ನೆರಡೂವರೆಗೆ. ಸೊಲ್ಲಾಪುರದಲ್ಲಿ ಈ ಅಂತರ ಸುಮಾರು 26 ನಿಮಿಷ. ಶಾಲೆಯ ಅಂಗಳದಲ್ಲಿ ಕೋಲು ನೆಟ್ಟು ಅತಿ ಚಿಕ್ಕ ನೆರಳಿನ ಹೊತ್ತನ್ನು ಗುರುತಿಸಿದರೆ ಮಕ್ಕಳೇ ಇದನ್ನು ಕಾಣಬಹುದು. ವರ್ಷದ ಕಾಲಕ್ಕನುಸಾರ ಕಾಲು ಗಂಟೆಯವರೆಗೆ ಆಚೀಚೆ ಆಗುತ್ತದೆ ಎಂಬುದನ್ನು ನೆನಪಿಡಬೇಕು.

ಹೀಗೆ ಪ್ರತಿ ಊರಿಗೂ ತನ್ನದೇ ಹೊತ್ತು ಇದ್ದ ಕಾಲವೊಂದಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೈಲುಗಳು ಮದ್ರಾಸ್ ಸಮಯವನ್ನು ಅನುಸರಿಸುತ್ತಿದ್ದವು. ಮುಂಬಯಿ, ಕಲ್ಕತ್ತೆಗಳಿಗೆ ತಮ್ಮ ತಮ್ಮ ಸಮಯವಿತ್ತು. ಭಾರತೀಯ ಪ್ರಮಾಣಿತ ಸಮಯ ಜಾರಿಗೆ ಬಂದದ್ದು 1906ರ ಜನವರಿ 1ರಂದು. ಅಂದಿನಿಂದ ಮದ್ರಾಸ್ ಪ್ರಾಂತ್ಯದ ಕಾಸರಗೋಡು, ಆದೋನಿಗಳೂ ಮುಂಬಯಿ ಪ್ರಾಂತ್ಯದ ಸೊಲ್ಲಾಪುರವೂ ಮೈಸೂರೂ ಕ್ರಮೇಣ ಒಂದೇ ಗಡಿಯಾರದ ಕೆಳಗೆ ಬಂದವು. ರಾಜ್ಯದ ಗಡಿಗಳು ಆಮೇಲೆ ಬದಲಾದರೂ ಆ ಗಡಿಯಾರ ಬದಲಾಗಲಿಲ್ಲ.

ಆ ಸಮಯವನ್ನು ಇಂದು ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಪರಮಾಣು ಗಡಿಯಾರಗಳಿಂದ ಕಾಯುತ್ತದೆ. ಅಂತರಜಾಲದ ಮೂಲಕ ಸಮಯವನ್ನು ಕೇಳಿ ಪಡೆಯುವ ನಿಯಮಾವಳಿಯೊಂದನ್ನು ಡೇವಿಡ್ ಮಿಲ್ಸ್ ಎಂಬ ಅಮೆರಿಕದ ವಿಜ್ಞಾನಿ 1985ರಲ್ಲಿ ಪ್ರಕಟಿಸಿದರು. ಗಣಕಯಂತ್ರದ ಸ್ವಯಂಚಾಲಿತ ಸಮಯ ಎಂಬ ಆಯ್ಕೆ ಅದನ್ನೇ ಬಳಸುತ್ತದೆ. ಅದನ್ನು ಚಾಲೂ ಇಡುವುದು ಒಳ್ಳೆಯದು. ಆದರೆ ಎರಡು ಮಾತು ತಿಳಿದಿರಲಿ. ಯಂತ್ರದ ಸಮಯ ಬಹಳ ದೂರ ಹೋಗಿದ್ದರೆ ವಿಂಡೋಸ್ ಅದನ್ನು ತಾನಾಗಿ ತಿದ್ದಲು ಒಪ್ಪುವುದಿಲ್ಲ. ಸ್ವತಂತ್ರ ಯಂತ್ರದಲ್ಲಿ ಈ ಮಿತಿ ರೂಢಿಯಂತೆ 54,000 ಸೆಕೆಂಡು, ಅಂದರೆ 15 ಗಂಟೆ. ಆದುದರಿಂದ ಮೊದಲು ಕೈಯಿಂದ ದಿನಾಂಕ ಮತ್ತು ಸಮಯ ತಿದ್ದಿ, ಆಮೇಲೆ ಸಿಂಕ್ ಗುಂಡಿ ಒತ್ತಬೇಕು. ಇನ್ನೊಂದು, ಅಂತರಜಾಲ ಸತ್ತ ಸೆಲ್ಲನ್ನು ಮರೆಮಾಡುತ್ತದೆ. ಸಂಪರ್ಕವಿರುವ ದಿನ ಎಲ್ಲ ಸರಿ ಕಾಣುತ್ತದೆ. ಮಳೆಗೆ ಸಂಪರ್ಕ ಕಡಿದ ದಿನ, ಪರೀಕ್ಷೆಯ ದಿನವೇ ಆಗಬಹುದು, ಜನವರಿ ಮತ್ತೆ ಬರುತ್ತದೆ.

ಒಂದು ಪುಟದ ದಾಖಲೆ

ಕೊನೆಯದಾಗಿ, ಗಣಕಯಂತ್ರದ ಕೊಠಡಿಯಲ್ಲಿ ಒಂದು ಪುಸ್ತಕವಿರಲಿ. ಅದರಲ್ಲಿ ಪ್ರತಿ ಯಂತ್ರಕ್ಕೆ ಒಂದು ಪುಟ, ಪ್ರತಿ ಪುಟಕ್ಕೆ ಐದು ಕಲಂ: ದಿನಾಂಕ, ನಿಜವಾದ ಸಮಯ, ಯಂತ್ರ ತೋರಿಸಿದ ಸಮಯ, ಅಂತರ, ಹಿಂದಿನ ಸಂಜೆ ಗೋಡೆಯ ಸ್ವಿಚ್ಚು ಹಾಕಿತ್ತೆ ತೆಗೆದಿತ್ತೆ ಎಂಬುದು. ಒಂದು ವಾರ ಬೆಳಗ್ಗೆ ಎಂಟನೆಯ ತರಗತಿಯ ಇಬ್ಬರು ಮಕ್ಕಳು ಅದನ್ನು ತುಂಬಲಿ. ಕಳೆಯುವ ಲೆಕ್ಕ ಅವರಿಗೆ ಅಭ್ಯಾಸವಾಗುತ್ತದೆ. ವಾರದ ಕೊನೆಗೆ ಅಂತರದ ಕಲಮನ್ನು ಮೇಲಿನಿಂದ ಕೆಳಗೆ ಓದಿದರೆ ಕಾರಣ ತಾನಾಗಿ ಕಾಣುತ್ತದೆ: ಅಂತರ ದಿನವೂ ಐದೂವರೆ ಗಂಟೆಯೆ, ವರ್ಷಗಳಷ್ಟೆ, ಅಥವಾ ಒಂದೆರಡು ಸೆಕೆಂಡೆ?

ಪಟ್ಟಣದಿಂದ ದೂರವಿರುವ, ಯಂತ್ರ ದುರಸ್ತಿ ಮಾಡುವವರು ಬರಲು ವಾರಗಟ್ಟಲೆ ಕಾಯಬೇಕಾದ ಶಾಲೆಗಳಿಗೆ ಇದರಿಂದ ದೊರೆಯುವ ಲಾಭ ಒಂದು ಸೆಲ್‌ನ ಬೆಲೆಗಿಂತ ಬಹಳ ದೊಡ್ಡದು. ಸಣ್ಣ ಶಾಲೆಯಲ್ಲಿ ಒಂದು ಯಂತ್ರ ಮೂಲೆ ಸೇರಿದರೆ ಒಂದು ತರಗತಿಯ ಕಲಿಕೆಯೇ ಮೂಲೆ ಸೇರುತ್ತದೆ. ಅದಕ್ಕಿಂತಲೂ ಹೆಚ್ಚಿನ ಲಾಭ ಮಕ್ಕಳದು. ಯಂತ್ರ ಹೇಳಿದ್ದೆಲ್ಲ ಸರಿ ಎಂದು ನಂಬುವ ಮಗುವೂ ಇದೆ, ಯಂತ್ರ ತಪ್ಪಿದರೆ ಕೈಚೆಲ್ಲುವ ಮಗುವೂ ಇದೆ. ತಪ್ಪನ್ನು ಅಳೆದು, ಬರೆದು, ಕಾರಣ ಹುಡುಕಿ, ತನ್ನ ಭಾಷೆಯಲ್ಲಿಯೇ ಅದನ್ನು ವಿವರಿಸಬಲ್ಲ ಮಗು ಇವೆರಡಕ್ಕಿಂತ ಬೇರೆ. ಅಂತಹ ಮಗುವಿನ ಕೆರೆಯ ವರದಿಯ ಪೂರ್ಣ ಪ್ರತಿಯನ್ನು ಮುಂದೆ ಯಾವ ಗಡಿಯಾರವೂ ಹಳೆಯದೆಂದು ಅಳಿಸಲಾರದು. ಅಳಿಸುವ ಮೊದಲೇ ಆ ಮಗು ಎದ್ದುನಿಂತು, ಈ ಯಂತ್ರದ ದಿನಾಂಕ ತಪ್ಪಾಗಿದೆ ಎಂದು ಹೇಳಿರುತ್ತದೆ.